ಎಣ್ಣೆ ಮಾರುವವಳ ಕೋರಿಕೆ: ಯಾರ ಮೇಲೆ, ಏನು ಕೊಟ್ಟು ಪ್ರಯೋಗ ಮಾಡಿದರೆಂದು ಬರೆಯಿರಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಇತ್ತೀಚೆಗೆ ಬಂದ, ಮರೆವಿನ ಕಾಯಿಲೆಗೆ ತೆಂಗಿನೆಣ್ಣೆಯೇ ಮದ್ದು ಎಂದು ಸಾರಿದ ಬರಹದ ಬಗ್ಗೆ ಈ ಪತ್ರ. ನಾನು ನೀರ್ಚಾಲಿನ ಹತ್ತಿರ ಎಣ್ಣೆ ಮಿಲ್ಲು ನಡೆಸುವವಳು. ಮಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ, ಮದುವೆಯಾಗಿ ಈ ಮನೆಗೆ ಬಂದು, ಮಾವನವರ ನಂತರ ಮಿಲ್ಲಿನ ಹೊಣೆ ವಹಿಸಿಕೊಂಡವಳು. ಆ ಬರಹ ಬಂದ ವಾರ ನನ್ನ ವ್ಯಾಪಾರ ಏರಿತು. ಆದ್ದರಿಂದ ಇದು ನಷ್ಟವಾದವಳ ದೂರಲ್ಲ. ಲಾಭವಾದ ಬಗೆ ಸರಿಯಲ್ಲ ಎನ್ನಿಸಿದ್ದರಿಂದಲೇ ಬರೆಯುತ್ತಿದ್ದೇನೆ.

ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬಂದವರಲ್ಲಿ ಒಬ್ಬರು ಬದಿಯಡ್ಕ ಕಡೆಯವರು. ಸ್ವಂತ ತೋಟದ ಕೊಬ್ಬರಿ ತಂದು ನಮ್ಮಲ್ಲೇ ಎಣ್ಣೆ ಮಾಡಿಸಿಕೊಂಡು ಹೋಗುವ ಹಳೆಯ ಗಿರಾಕಿ. ಅವರ ತಾಯಿಗೆ ಮರೆವು ಶುರುವಾಗಿ ಕೆಲವು ವರ್ಷಗಳಾಗಿವೆ. ಹೃದಯದ ತೊಂದರೆಯೂ ಇದೆ. "ಅಕ್ಕ, ಅಮ್ಮನಿಗೆ ದಿನಕ್ಕೆ ನಾಲ್ಕು ಚಮಚ ಎಣ್ಣೆ ಕುಡಿಸುತ್ತಿದ್ದೇನೆ. ಮೆದುಳಿಗೆ ಕೊಬ್ಬು ಬೇಕೆಂದು ಇದರಲ್ಲಿ ಬರೆದಿದ್ದಾರೆ. ಇನ್ನು ಕೊಲೆಸ್ಟರಾಲಿನ ಮಾತ್ರೆ ನಿಲ್ಲಿಸಬಹುದಲ್ಲ?" ಎಂದು ಕೇಳಿದರು. "ಬೇಡ ಅಣ್ಣ, ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ" ಎಂದೆ. ಅವರು ತುಂಡು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, "ಹಾಗಾದರೆ ಪತ್ರಿಕೆಯವರು ಸುಳ್ಳು ಬರೆಯುತ್ತಾರೆಯೇ?" ಎಂದರು. ತಾಯಿಯ ಮಾತ್ರೆ ನಿಂತಿಲ್ಲ, ಅಷ್ಟು ನನಗೆ ಗೊತ್ತು. ಆದರೆ ಆ ಪ್ರಶ್ನೆಗೆ ಉತ್ತರಿಸಬೇಕಾದವರು ನೀವು.

ನ್ಯಾಯವಾಗಿ ಹೇಳುವುದಾದರೆ, ಆ ಬರಹ ಶುದ್ಧ ಕಟ್ಟುಕಥೆಯಲ್ಲ. ಅದರ ಬೇರು ಒಳ್ಳೆಯ ವಿಜ್ಞಾನದಲ್ಲಿಯೇ ಇದೆ. ನಮ್ಮ ಮೆದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಸಾಮಾನ್ಯವಾಗಿ ಅದು ಗ್ಲೂಕೋಸನ್ನೇ ಉರಿಸುತ್ತದೆ. ಆದರೆ ದೀರ್ಘ ಉಪವಾಸದಂಥ ಸಮಯದಲ್ಲಿ, ಪಿತ್ತಜನಕಾಂಗವು ಕೊಬ್ಬಿನಿಂದ ತಯಾರಿಸುವ ಕೀಟೋನ್‌ಗಳನ್ನು ಬಳಸಿಕೊಳ್ಳುತ್ತದೆ. ಬೋಸ್ಟನ್ನಿನಲ್ಲಿ ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು ವಾರಗಟ್ಟಲೆ ಉಪವಾಸವಿದ್ದ ಸ್ಥೂಲಕಾಯದವರಲ್ಲಿ ಇದನ್ನು ಅಳೆದು 1967ರಲ್ಲಿ ತೋರಿಸಿಕೊಟ್ಟರು. ಆಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆಯಲ್ಲಿ ಮೆದುಳಿನ ಕೆಲವು ಭಾಗಗಳು ಗ್ಲೂಕೋಸನ್ನು ಸರಿಯಾಗಿ ಬಳಸುವುದಿಲ್ಲ ಎಂಬುದೂ ಸ್ಕ್ಯಾನ್‌ಗಳಿಂದ ತಿಳಿದ ವಿಷಯ. ಹಾಗಾದರೆ ಕೀಟೋನ್ ಒದಗಿಸಿದರೆ ಆ ಮೆದುಳಿಗೆ ಆಸರೆಯಾಗಬಹುದೇ? ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ವೈದ್ಯೆ ಮೇರಿ ನ್ಯೂಪೋರ್ಟ್ 2008ರಲ್ಲಿ ತಮ್ಮ ಪತಿಗೆ ತೆಂಗಿನೆಣ್ಣೆ ಕೊಟ್ಟು, ಸುಧಾರಣೆ ಕಂಡಿತೆಂದು ಹೇಳಿದ ಮೇಲೆ ಈ ಸುದ್ದಿ ಜಗತ್ತೆಲ್ಲ ಹರಡಿತು. ಕಾಯಿಲೆ ಬಿದ್ದ ಗಂಡನಿಗಾಗಿ ಹೆಂಡತಿ ಪಟ್ಟ ಪಾಡಿನ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಒಬ್ಬ ರೋಗಿಯ ಕಥೆ, ಹೋಲಿಸಿ ನೋಡಲು ಎದುರಿಗೆ ಯಾರೂ ಇಲ್ಲದ ಕಥೆ.

ನಿಮ್ಮ ಬರಹಗಾರರು ವಿದೇಶಿ ಪ್ರಯೋಗಗಳಲ್ಲಿ ಸಾಬೀತಾಗಿದೆ ಎಂದು ಬರೆದಿದ್ದಾರೆ. ಅವರು ಹೇಳುವ ಪ್ರಯೋಗಗಳಲ್ಲಿ ಮುಖ್ಯವಾದವುಗಳಲ್ಲಿ ಕೊಟ್ಟದ್ದು ತೆಂಗಿನೆಣ್ಣೆಯನ್ನೇ ಅಲ್ಲ. ಕೊಟ್ಟದ್ದು ಎಂಸಿಟಿ ಎಂದು ಕರೆಯುವ, ಎಂಟು ಅಥವಾ ಹತ್ತು ಇಂಗಾಲದ ಚಿಕ್ಕ ಸರಪಳಿಗಳಿರುವ, ಪಿತ್ತಜನಕಾಂಗ ಸುಲಭವಾಗಿ ಕೀಟೋನ್ ಆಗಿಸುವ ಕೊಬ್ಬನ್ನು. ಕಾರ್ಖಾನೆಯಲ್ಲಿ ತೆಂಗಿನ ಅಥವಾ ತಾಳೆಬೀಜದ ಎಣ್ಣೆಯನ್ನು ಒಡೆದು, ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳನ್ನು ಮಾತ್ರ ಬೇರ್ಪಡಿಸಿ, ಕ್ರಿಯಾವರ್ಧಕದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ, ನೆರವಿನಿಂದ ಮತ್ತೆ ಗ್ಲಿಸರಾಲ್‌ಗೆ ಜೋಡಿಸಿ ಅದನ್ನು ತಯಾರಿಸುತ್ತಾರೆ. ತಾಯಿ ತೆಂಗಾದರೂ ಮಗು ಬೇರೆ.

ನಂಬದವರು ಮನೆಯಲ್ಲೇ ನೋಡಬಹುದು. ವ್ಯಾಯಾಮಶಾಲೆಗೆ ಹೋಗುವ ನನ್ನ ಮಗ ತಂದಿಟ್ಟ ಎಂಸಿಟಿ ಎಣ್ಣೆಯ ಬಾಟಲಿಯನ್ನೂ ನಮ್ಮ ಮಿಲ್ಲಿನ ಎಣ್ಣೆಯ ಬಾಟಲಿಯನ್ನೂ ಫ್ರಿಜ್ಜಿನಲ್ಲಿ ಅಕ್ಕಪಕ್ಕ ಇಟ್ಟೆ. ಬೆಳಗ್ಗೆ ನಮ್ಮ ಎಣ್ಣೆ ಅಡಿಯಿಂದ ಮುಡಿಯವರೆಗೆ ಬೆಳ್ಳಗೆ ಗಟ್ಟಿಯಾಗಿತ್ತು, ಬಾಟಲಿ ಬೋರಲು ಹಾಕಿದರೂ ಅಲುಗಲಿಲ್ಲ. ಪಕ್ಕದ ಬಾಟಲಿಯದು ನೀರಿನ ಹಾಗೆ ತಿಳಿಯಾಗಿ ಹರಿಯುತ್ತಿತ್ತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ, ಚಳಿಗಾಲದ ಬೆಳಗ್ಗೆ ನಾವೆಲ್ಲ ಬಾಟಲಿಯನ್ನು ಬಿಸಿಲಿಗೆ ಇಡುವುದು ಅದಕ್ಕೇ. ಅದರಲ್ಲಿ ಅರ್ಧದಷ್ಟು ಹನ್ನೆರಡು ಇಂಗಾಲದ ಲಾರಿಕ್ ಆಮ್ಲ. ಎಂಟು ಮತ್ತು ಹತ್ತು ಇಂಗಾಲದವು ಎರಡೂ ಸೇರಿದರೂ ಶೇಕಡಾ 10ರಿಂದ 18ರ ಒಳಗೆ. ಲಾರಿಕ್ ಆಮ್ಲದ ಬಹುಪಾಲು ಬೇರೆ ಕೊಬ್ಬುಗಳ ದಾರಿಯಲ್ಲೇ ದೇಹಕ್ಕೆ ಸೇರುತ್ತದೆ. ಕೀಟೋನ್ ಹುಟ್ಟಿಸುವುದರಲ್ಲಿ ಅದು ಎಂಟು ಇಂಗಾಲದ ತಮ್ಮನಿಗೆ ಸಾಟಿಯಲ್ಲ.

ಇನ್ನು ಪ್ರಮಾಣದ ಲೆಕ್ಕ. ಅಮೆರಿಕದಲ್ಲಿ ರೋಗಿಗಳಿಗೆ ಕೊಟ್ಟ ಮದ್ದಿನಲ್ಲಿ ದಿನಕ್ಕೆ 20 ಗ್ರಾಂ ಎಂಟು ಇಂಗಾಲದ ಕ್ಯಾಪ್ರಿಲಿಕ್ ಕೊಬ್ಬಿತ್ತು. ನಮ್ಮ ಎಣ್ಣೆಯಲ್ಲಿ ಅದು ಶೇಕಡಾ 7 ಎಂದು ಹಿಡಿದರೆ, ಅಷ್ಟು ಸಿಗಲು ದಿನಕ್ಕೆ 280 ಗ್ರಾಂಗೂ ಹೆಚ್ಚು ತೆಂಗಿನೆಣ್ಣೆ ಕುಡಿಯಬೇಕು. ಅಂದರೆ 2,500 ಕ್ಯಾಲೊರಿ, ಎಂಬತ್ತರ ಹರೆಯದ ಅಮ್ಮನ ಇಡೀ ದಿನದ ಊಟಕ್ಕಿಂತ ಹೆಚ್ಚು. ನಾಲ್ಕು ಚಮಚ ಎಣ್ಣೆ ಕುಡಿಸುವ ಮಗನಿಗೆ ಈ ಲೆಕ್ಕವನ್ನು ಯಾರು ಹೇಳಬೇಕು?

ಆ ಮದ್ದಿನ ಕಥೆಯೂ ಮುಂದೆ ಏನಾಯಿತೆಂದು ನಿಮ್ಮ ಪುಟದಲ್ಲಿ ಬರಲಿಲ್ಲ. 2009ರಲ್ಲಿ ಪ್ರಕಟವಾದ 152 ರೋಗಿಗಳ ಪ್ರಯೋಗದಲ್ಲಿ 45ನೆಯ ದಿನ ಮದ್ದು ತೆಗೆದುಕೊಂಡವರ ನೆನಪಿನ ಅಂಕಗಳು ತುಸು ಮೇಲಿದ್ದವು. 90ನೆಯ ದಿನಕ್ಕೆ ಗುಂಪನ್ನು ಒಟ್ಟಾಗಿ ನೋಡಿದರೆ ಆ ಅಂತರ ಉಳಿದಿರಲಿಲ್ಲ. ಅದೇ ದಾರಿಯಲ್ಲಿ ನಾನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಆರು ತಿಂಗಳು ನಡೆಸಿದ ದೊಡ್ಡ ಪ್ರಯೋಗ 2017ರಲ್ಲಿ ವಿಫಲವಾಯಿತು. ಹೊಸ ಸೂತ್ರದಲ್ಲಿ ಮದ್ದು ರಕ್ತಕ್ಕೆ ಸಾಕಷ್ಟು ಸೇರಲಿಲ್ಲ ಎಂದು ಕಂಪನಿ ಹೇಳಿತು. ಇರಬಹುದು. ಕೆನಡಾದ ಶೆರ್‌ಬ್ರೂಕ್‌ನಲ್ಲಿ ಸೌಮ್ಯ ಮರೆವಿನ 83 ಮಂದಿಯ ಮೇಲೆ ಆರು ತಿಂಗಳು ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಪರೀಕ್ಷೆಗಳ ಫಲ ಆಶಾದಾಯಕವಾಗಿಯೇ ಇತ್ತು. ಅಲ್ಲಿಯೂ ಕೊಟ್ಟದ್ದು ದಿನಕ್ಕೆ 30 ಗ್ರಾಂ ಎಂಸಿಟಿ, ಎದುರು ಗುಂಪಿಗೆ ಅದೇ ತೆರನ ಬೇರೆ ಎಣ್ಣೆಯ ಪಾನೀಯ. ಅಂದರೆ ಕೆಲಸ ಮುಗಿದಿಲ್ಲ, ನಡೆಯುತ್ತಿದೆ. ನಡೆಯುತ್ತಿರುವ ಕೆಲಸವನ್ನು ನಡೆಯುತ್ತಿದೆ ಎಂದೇ ಬರೆದರೆ ಓದುಗರು ಅರ್ಥಮಾಡಿಕೊಳ್ಳುತ್ತಾರೆ, ಅವರು ದಡ್ಡರಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಎಣ್ಣೆ ಮಾರುವ ನಾನೇ ಹೇಳಬೇಕಾಗಿದೆ. ತೆಂಗಿನೆಣ್ಣೆಯನ್ನು ಸೂರ್ಯಕಾಂತಿಯಂಥ ಇತರ ಸಸ್ಯದ ಎಣ್ಣೆಗಳೊಂದಿಗೆ ಹೋಲಿಸಿದ 16 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2020ರಲ್ಲಿ ಬಂತು: ತೆಂಗಿನೆಣ್ಣೆ ತಿಂದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಡೆಸಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಹೆಚ್ಚಿತ್ತು. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದಾಗ, ನಡುವಯಸ್ಸಿನ ಹೆಚ್ಚಿನ ಎಲ್‌ಡಿಎಲ್ ಹೊಸದಾಗಿ ಅದರಲ್ಲಿ ಸೇರಿತು. ಪಲ್ಯಕ್ಕೆ ಒಗ್ಗರಣೆ ಹಾಕಿ, ದೋಸೆ ಕಾವಲಿಗೆ ಸವರಿ, ತಲೆಗೆ ಹಚ್ಚಿ, ಧಾರಾಳವಾಗಿ. ಅಜ್ಜಿಯಂದಿರ ಕಾಲದಿಂದ ನಮ್ಮದು ಅದೇ ಅಡುಗೆ. ಮದ್ದೆಂದು ಲೋಟದಲ್ಲಿ ಕುಡಿಯಬೇಡಿ.

ಎಣ್ಣೆಯ ವಿಷಯದಲ್ಲಿ ನಾವು ಒಮ್ಮೆ ಹೀಗೆಯೇ ನಂಬಿ ನಡೆದಿದ್ದೇವೆ. ಫ್ರಾನ್ಸಿನ ಪಾಲ್ ಸಬಾಟಿಯೇ, ನಿಕ್ಕಲ್ ಪುಡಿಯ ಮೇಲೆ ಜಲಜನಕವನ್ನು ಇತರ ಅಣುಗಳಿಗೆ ಸೇರಿಸುವ ವಿಧಾನ ಕಂಡುಹಿಡಿದು 1912ರಲ್ಲಿ ನೊಬೆಲ್ ಪಡೆದರು. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಅದನ್ನು ದ್ರವ ಎಣ್ಣೆಗೆ ಅನ್ವಯಿಸಿ ಗಟ್ಟಿ ಕೊಬ್ಬು ಮಾಡುವ ಪೇಟೆಂಟನ್ನು 1902ರಲ್ಲೇ ಪಡೆದಿದ್ದರು. ಕ್ರಿಯಾವರ್ಧಕಗಳ ವಿಜ್ಞಾನದಲ್ಲಿ ಅದು ದೊಡ್ಡ ಗೆಲುವು, ಅನುಮಾನವಿಲ್ಲ. ಅದರಿಂದ ಬಂದ ವನಸ್ಪತಿ ನಮ್ಮ ಹಬ್ಬದಡುಗೆಗೂ ಹೋಟೆಲಿಗೂ ಬೇಕರಿಗೂ ತುಂಬಿಕೊಂಡಿತು. ಎಣ್ಣೆಯ ಅಣು ನಿಕ್ಕಲ್‌ನ ಮೇಲ್ಮೈಗೆ ಅಂಟಿಕೊಂಡಾಗ ಅದರ ದ್ವಿಬಂಧ ಸಡಿಲಗೊಳ್ಳುತ್ತದೆ. ಜಲಜನಕ ಪೂರ್ತಿ ಸೇರುವ ಮೊದಲೇ ಅಣು ಕಳಚಿಕೊಂಡರೆ ಆ ಬಂಧ ಮತ್ತೆ ಕೂಡುತ್ತದೆ, ಆದರೆ ಅನೇಕ ಸಲ ಮಗುಚಿಕೊಂಡು. ಅದೇ ಟ್ರಾನ್ಸ್ ಕೊಬ್ಬು. ಹೃದಯಕ್ಕೆ ಅದು ಮಾಡುವ ಹಾನಿ ಖಚಿತವಾಗಲು ದಶಕಗಳೇ ಬೇಕಾದವು. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇಕಡಾ 2 ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಜಪಾನಿನ ಹಿಸಯಾಮದಲ್ಲಿ 1,628 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ವರದಿ ಮಾಡಿದವರು, ರಕ್ತದಲ್ಲಿ ಟ್ರಾನ್ಸ್ ಕೊಬ್ಬು ಹೆಚ್ಚಿದ್ದವರಿಗೆ ಮರೆವಿನ ಕಾಯಿಲೆಯೂ ಹೆಚ್ಚು ಬಂದದ್ದನ್ನು ಕಂಡರು. ಅದು ಗಮನಿಸಿದ್ದು ಮಾತ್ರ, ಪ್ರಯೋಗವಲ್ಲ. ಈ ವ್ಯತ್ಯಾಸವನ್ನೂ ಸುದ್ದಿಯಲ್ಲಿ ಹೇಳಬೇಕು.

ಹಾಗಾದರೆ ಆಹಾರಕ್ಕೂ ಮೆದುಳಿಗೂ ನಂಟೇ ಇಲ್ಲವೇ ಎಂದು ಯಾರಾದರೂ ಕೇಳಿಯಾರು. ಗಟ್ಟಿಯಾದ ನಂಟಿದೆ, ಅದನ್ನು ಗಟ್ಟಿಯಾಗಿ ತೋರಿಸಿಕೊಟ್ಟವರಲ್ಲಿ ನಮ್ಮವರೇ ಇದ್ದಾರೆ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ, ಅಯೋಡಿನ್ ಕೊರತೆಯಿಂದ ಕತ್ತು ಊದುವ ಗಳಗಂಡ ಮನೆಮನೆಯಲ್ಲಿತ್ತು. 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಒದಗಿಸಿದರು. ಕೆಲವು ವರ್ಷಗಳ ನಂತರ ಶಾಲಾ ಮಕ್ಕಳ ಕತ್ತು ಪರೀಕ್ಷಿಸಿದಾಗ, ಅಯೋಡಿನ್ ಉಪ್ಪಿನ ವಲಯಗಳಲ್ಲಿ ಗಳಗಂಡ ಸುಮಾರು ಅರ್ಧಕ್ಕೆ ಇಳಿದಿತ್ತು. ಬರಿಯ ಉಪ್ಪಿನ ವಲಯದಲ್ಲಿ ಇಳಿದಿರಲಿಲ್ಲ. ಆಮೇಲೆ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಗರ್ಭದಲ್ಲಿರುವ ಮಗುವಿನ ಮೆದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಬೇಕೇ ಬೇಕು. ಅದರ ಕೊರತೆ ಮಕ್ಕಳ ಬುದ್ಧಿಮಾಂದ್ಯಕ್ಕೆ ತಡೆಯಬಹುದಾದ ಕಾರಣಗಳಲ್ಲಿ ಬಹಳ ದೊಡ್ಡದು. ಇಂದು ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಆ ಪ್ರಯೋಗ ಕುಳಿತಿದೆ. ಆ ಬರಿಯ ಉಪ್ಪಿನ ವಲಯ ಇಲ್ಲದಿದ್ದರೆ, ಗಳಗಂಡ ಕಡಿಮೆಯಾದದ್ದು ಉಪ್ಪಿನಿಂದಲೋ, ರಸ್ತೆ ಬಂದು ಊಟ ಸುಧಾರಿಸಿದ್ದರಿಂದಲೋ ಎಂದು ಇಂದಿಗೂ ವಾದಿಸುತ್ತಿದ್ದೆವು.

ಹೋಲಿಕೆಯ ಗುಂಪು ಎಂದರೇನೆಂದು ಕಾಸರಗೋಡಿನವರಿಗೆ ವಿವರಿಸುವ ಅಗತ್ಯವೂ ಇಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿಸಿದ ಕೀಟನಾಶಕ ಎಂಡೋಸಲ್ಫಾನ್‌ನಿಂದ ಮಕ್ಕಳಿಗೆ ಏನಾಯಿತೆಂದು ತಾಯಂದಿರು ವರ್ಷಗಟ್ಟಲೆ ಹೇಳಿದರು, ಕೇಳುವವರಿರಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಹುಡುಗರನ್ನು, ಸಿಂಪಡಣೆ ನಡೆಯದ ಇನ್ನೊಂದು ಊರಿನ 90 ಹುಡುಗರೊಂದಿಗೆ ಹೋಲಿಸಿ, ಅವರ ಬೆಳವಣಿಗೆಯಲ್ಲಿ ಕಂಡ ವ್ಯತ್ಯಾಸವನ್ನು 2003ರಲ್ಲಿ ಪ್ರಕಟಿಸಿದರು. ಆ ಇನ್ನೊಂದು ಊರಿನ ಹುಡುಗರು ರಕ್ತ ಕೊಡಲು ಕೈ ಚಾಚಿದ್ದರಿಂದ ನಮ್ಮ ಜಿಲ್ಲೆಯ ಮಾತಿಗೆ ತೂಕ ಬಂತು. ಇಂಥ ನೆಲದಲ್ಲಿ ಅಚ್ಚಾಗುವ ಪತ್ರಿಕೆ, ಸಾಬೀತಾಗಿದೆ ಎಂಬ ಮಾತನ್ನು ಅಗ್ಗವಾಗಿ ಬಳಸಿದಾಗ ನನಗೆ ನೋವಾಗುತ್ತದೆ.

ನಿಜವಾದ ಸಂಶೋಧನೆ ತನ್ನ ತಪ್ಪಿನ ಅಳತೆಯನ್ನೂ ಜೊತೆಗೇ ಕೊಡುತ್ತದೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವ ರಕ್ತ ಪರೀಕ್ಷೆಯ ಪಟ್ಟಿಯನ್ನು, ಅಂದರೆ ಸ್ಟ್ರಿಪ್ಪನ್ನು, ನೋಡಿ. ಪ್ಲಾಸ್ಟಿಕ್ಕಿನ ಮೇಲೆ ವಿದ್ಯುತ್ ಹರಿಯುವ ತೆಳುವಾದ ಪದರ, ಕೆಲವು ಪಟ್ಟಿಗಳಲ್ಲಿ ಚಿನ್ನ ಅಥವಾ ಪೆಲಾಡಿಯಂನ ತೆಳುಪೊರೆ. ಅದರ ಮೇಲೆ ಗ್ಲೂಕೋಸನ್ನು ಮಾತ್ರ ಗುರುತಿಸುವ ಕಿಣ್ವ. ಕಿಣ್ವವೂ ಒಂದು ಕ್ರಿಯಾವರ್ಧಕವೇ. ಕಿಣ್ವ ಮತ್ತು ವಿದ್ಯುದಗ್ರವನ್ನು (ಎಲೆಕ್ಟ್ರೋಡ್) ಜೋಡಿಸುವ ಈ ಉಪಾಯವನ್ನು ಅಮೆರಿಕದ ವಿಜ್ಞಾನಿ ಲೆಲೆಂಡ್ ಕ್ಲಾರ್ಕ್ 1962ರಲ್ಲಿ ಮುಂದಿಟ್ಟರು. ಇಂದಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಸಕ್ಕರೆ 100ಕ್ಕಿಂತ ಕಡಿಮೆ ಇದ್ದಾಗ ನೂರು ಅಳತೆಗಳಲ್ಲಿ 95 ಆದರೂ ಪ್ರಯೋಗಾಲಯದ ಅಂಕಿಗಿಂತ 15 ಮಿಲಿಗ್ರಾಂ ಆಚೀಚೆ ಮೀರಬಾರದು. 100 ದಾಟಿದರೆ ಶೇಕಡಾ 15. ಪಟ್ಟಿ ಎಷ್ಟು ತಪ್ಪಬಹುದೆಂದು ಮೊದಲೇ ಒಪ್ಪಿಕೊಂಡಿದ್ದಾರೆ, ಅದಕ್ಕೇ ಡಾಕ್ಟರು ಅದನ್ನು ನಂಬಿ ಇನ್ಸುಲಿನ್ ಬರೆಯುತ್ತಾರೆ. ಆರೋಗ್ಯ ಪುಟದ ಬರಹ ಅದೇ ಮನೆಯ ಅದೇ ರೋಗಿಯ ಕೈಗೆ ಹೋಗುತ್ತದೆ. ಅದಕ್ಕೂ ಒಂದು ಅಳತೆ ಬೇಡವೇ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಆಹಾರ ಮತ್ತು ಮೆದುಳಿನ ಬಗ್ಗೆ ಸಂಶೋಧನೆಯ ಸುದ್ದಿ ಹಾಕುವಾಗ, ಪ್ರಯೋಗ ನಡೆದದ್ದು ಗಾಜಿನ ತಟ್ಟೆಯ ಜೀವಕೋಶಗಳ ಮೇಲೋ, ಇಲಿಗಳ ಮೇಲೋ, ಮನುಷ್ಯರ ಮೇಲೋ ಎಂದು ಬರೆಯಿರಿ. ಮನುಷ್ಯರಾದರೆ ಎಷ್ಟು ಮಂದಿ, ಎಷ್ಟು ಕಾಲ, ಕೊಟ್ಟದ್ದು ಏನು, ಯಾರೊಂದಿಗೆ ಹೋಲಿಸಿದರು, ಕೊನೆಗೆ ಅಳೆದದ್ದು ನೆನಪನ್ನೋ ರಕ್ತದ ಒಂದು ಅಂಕಿಯನ್ನೋ ಎಂದು ಸೇರಿಸಿ. ನಾಲ್ಕು ಸಾಲು ಸಾಕು. ಭಾರತದಲ್ಲಿ ನಡೆಯುವ ಪ್ರಯೋಗವಾದರೆ, 2007ರಿಂದ ಇರುವ ಭಾರತೀಯ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ ಅದರ ವಿವರ ಯಾರು ಬೇಕಾದರೂ ನೋಡುವಂತೆ ತೆರೆದಿರುತ್ತದೆ. ವರದಿಗಾರರು ಒಂದು ಸಲ ಇಣುಕಬಹುದು.

ಅನುಮಾನ ಬಂದರೆ ಕೇಳಲು ದೂರ ಹೋಗಬೇಕಾಗಿಲ್ಲ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೂಡ್ಲಿನಲ್ಲಿಯೇ ಇದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ, ರಸಾಯನ, ಭೌತ ಮೂರೂ ವಿಭಾಗಗಳಿವೆ. ಅಲ್ಲಿನ ಒಬ್ಬರಿಗೆ ಬರಹವನ್ನು ಅಚ್ಚಿಗೆ ಮೊದಲು ತೋರಿಸುವ ಪದ್ಧತಿ ಇಟ್ಟುಕೊಂಡರೆ ಎಷ್ಟು ಚೆನ್ನ. ಮಲಯಾಳಂ ಓದುವವರಿಗೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಿಂದ ವಿಜ್ಞಾನವನ್ನು ಮನೆಬಾಗಿಲಿಗೆ ತಂದುಕೊಟ್ಟಿದೆ. ಗಡಿಯ ಈಚೆಗಿರುವ ನಮ್ಮ ಹಿರಿಯರಿಗೆ, ಕನ್ನಡ ಮಾತ್ರ ಓದಬಲ್ಲವರಿಗೆ, ಬೆಳಗ್ಗೆ ಜಗಲಿಗೆ ಬೀಳುವ ನಿಮ್ಮ ಪತ್ರಿಕೆಯೇ ಎಲ್ಲ. ಅವರು ಅಚ್ಚಾದ ಅಕ್ಷರವನ್ನು ನಂಬುತ್ತಾರೆ, ಆ ನಂಬಿಕೆಯನ್ನು ನಾನು ತುಂಬ ದೊಡ್ಡದೆಂದು ತಿಳಿದಿದ್ದೇನೆ.

ಬರೆಯಲು ಬೇಕಾದಷ್ಟು ವಿಷಯವೂ ಇದೆ. ಬಿ12 ಕೊರತೆಯಿಂದ ಮರೆವು, ಕಾಲು ಜೋಮು ಬರಬಹುದು, ಸಮಯಕ್ಕೆ ಪತ್ತೆಯಾದರೆ ಚಿಕಿತ್ಸೆ ಇದೆ. ಮಾಂಸ, ಮೀನು, ಮೊಟ್ಟೆ ಮುಟ್ಟದ ಮನೆಗಳು ನಮ್ಮ ಕಡೆ ಎಷ್ಟಿಲ್ಲ! ಹಿರಿಯರಿಗೆ ಮರೆವು ಕಂಡಾಗ ಬಿ12 ಮತ್ತು ಥೈರಾಯ್ಡ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ ಎಂದು ಒಂದು ಪೆಟ್ಟಿಗೆ ಸುದ್ದಿ ಹಾಕಿದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ. ಫಿನ್‌ಲ್ಯಾಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಮಂದಿಯ ಮೇಲೆ ಎರಡು ವರ್ಷ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಸಮತೋಲನದ ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ರಕ್ತದೊತ್ತಡದ ನಿಗಾ ಇವೆಲ್ಲ ಕೂಡಿದಾಗ ಬುದ್ಧಿಯ ಪರೀಕ್ಷೆಗಳಲ್ಲಿ ಚಿಕ್ಕದಾದರೂ ನಿಜವಾದ ಲಾಭ ಕಂಡಿತು. ಮೆದುಳಿಗೆಂದೇ ರೂಪಿಸಿದ ಒಂದು ಆಹಾರಕ್ರಮವನ್ನು ಅಮೆರಿಕದಲ್ಲಿ 604 ಮಂದಿಯ ಮೇಲೆ ಮೂರು ವರ್ಷ ಪರೀಕ್ಷಿಸಿದಾಗ, 2023ರಲ್ಲಿ ಹೊರಬಂದ ಫಲಿತಾಂಶದಲ್ಲಿ ಎದುರು ಗುಂಪಿಗಿಂತ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಈ ಎರಡೂ ಸುದ್ದಿಗಳು ಒಂದೇ ಪುಟದಲ್ಲಿ ಬರಲಿ.

ಕೊನೆಯದಾಗಿ, ಮುಂದಿನ ಸಂಚಿಕೆಯಲ್ಲಿ ಜ್ಞಾಪಕಶಕ್ತಿಗೆ ಒಂದೆಲಗ ಎಂಬ ಬರಹ ಬರಲಿದೆ ಎಂದು ಪ್ರಕಟಿಸಿದ್ದೀರಿ. ನಮ್ಮ ಗದ್ದೆಯ ಬದುವಿನಲ್ಲಿ ಹಬ್ಬುವ, ತಂಬುಳಿಗೆ ಹಾಕುವ, ದುಂಡು ಎಲೆಯ ಗಿಡ ಸೆಂಟೆಲ್ಲಾ. ಮನುಷ್ಯರ ನೆನಪಿನ ಮೇಲೆ ನಡೆದ ಪ್ರಯೋಗಗಳಲ್ಲಿ ಹಲವು ಬಕೋಪಾ ಎಂಬ ಇನ್ನೊಂದು ಗಿಡದ ಸಾರದ ಮೇಲೆ ನಡೆದಿವೆ. ಅದರ ಎಲೆ ಸಣ್ಣದು, ದಪ್ಪ, ನೀರಿನ ಅಂಚಿನಲ್ಲಿ ಬೆಳೆಯುವಂಥದ್ದು. ಎರಡನ್ನೂ ಬ್ರಾಹ್ಮಿ ಎಂದು ಮಾರುತ್ತಾರೆ. ಬರಹಗಾರರು ಯಾವ ಗಿಡದ ಪ್ರಯೋಗವನ್ನು ಆಧಾರವಾಗಿಟ್ಟುಕೊಂಡಿದ್ದಾರೆ, ಎಲೆಯನ್ನೋ ಮಾತ್ರೆಯನ್ನೋ ಕೊಟ್ಟದ್ದು ಎಂದು ಪುಟ ಅಚ್ಚಿಗೆ ಹೋಗುವ ಮೊದಲು ದಯವಿಟ್ಟು ಕೇಳಿ, ಮತ್ತು ಜೊತೆಗೆ ಹಾಕುವ ಚಿತ್ರ ಆ ಗಿಡದ್ದೇ ಆಗಿರಲಿ.

ಇತಿ,
ಎಣ್ಣೆ ಮಿಲ್ಲು ನಡೆಸುವ ನಿಮ್ಮ ಓದುಗಾರ್ತಿ
ನೀರ್ಚಾಲು, ಕಾಸರಗೋಡು ಜಿಲ್ಲೆ